ಕೆಟ್ಟು ನಿಂತ ಯಂತ್ರಗರಗಸ: ತಪ್ಪು ಯಾರದು?

2016ರ ಡಿಸೆಂಬರಿನಲ್ಲಿ ವರ್ಧಾ ಚಂಡಮಾರುತವು ಚೆನ್ನೈಯ ಸಾಲುಮರಗಳನ್ನು ಉರುಳಿಸಿದಾಗ, 2021ರ ಮೇ ತಿಂಗಳಲ್ಲಿ ತೌಕ್ತೆಯು ಮುಂಬಯಿಯ ಮರಗಳನ್ನು ಕೆಡವಿದಾಗ, ಬೀದಿಬೀದಿಯಲ್ಲಿ ಯಂತ್ರಗರಗಸದ ಸದ್ದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಊರಿನಲ್ಲಿ ಕಾಫಿ ತೋಟವಿರುವವರಿಗಂತೂ ಅದು ಮನೆಯ ಸಾಮಾನೇ ಸರಿ. ದೂರದಲ್ಲಿರುವ ನಮಗೆ ಫೋನಿನಲ್ಲಿ ಬರುವ ಸುದ್ದಿ ಮಾತ್ರ ಸಾಮಾನ್ಯವಾಗಿ ಒಂದೇ: “ಮೆಷಿನ್ ಜಾಮಾಗಿದೆ, ಆಳು ಎಣ್ಣೆ ಬೆರೆಸಿಲ್ಲ.” ರಿಪೇರಿಯ ಹಣವನ್ನು ಅವನ ಕೂಲಿಯಲ್ಲಿ ಮುರಿಯುವುದೂ ಉಂಟು. ತಪ್ಪು ನಿಜವಾಗಿ ಅವನದೇ ಏನು? ಯಂತ್ರವನ್ನು ಬಿಚ್ಚಿ ನೋಡಿದರೆ ಉತ್ತರ ಅಲ್ಲಿಯೇ ಇರುತ್ತದೆ.

ಈ ಎಂಜಿನಿಗೆ ಕಾರಿನಂತೆ ಪ್ರತ್ಯೇಕ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಅದರ ಜೀವ. ಅನೇಕ ಯಂತ್ರಗಳಿಗೆ 5 ಲೀಟರು ಪೆಟ್ರೋಲಿಗೆ 100 ಮಿಲಿಲೀಟರು ಎಣ್ಣೆ. ನಿಮಿಷಕ್ಕೆ 12,000 ಸುತ್ತಿಗೂ ಮಿಕ್ಕಿ ತಿರುಗುವ ಯಂತ್ರದಲ್ಲಿ ಆ ಎಣ್ಣೆ ತಪ್ಪಿತೆಂದರೆ ಪಿಸ್ಟನ್ ಉಳಿಯದು.

ಪರೀಕ್ಷೆಗೆ ಒಂದು ಕ್ರಮವಿದೆ. ಹಗ್ಗ ಎಳೆದರೆ ಬಾರದಿದ್ದಲ್ಲಿ ಸ್ವಿಚ್ಚು ಆರಿಸಿ, ಪ್ಲಗ್ ತೆಗೆದು ಮತ್ತೆ ಎಳೆಯಬೇಕು. ಸರಾಗವಾಗಿ ತಿರುಗಿ ಪ್ಲಗ್ಗಿನ ತೂತಿನಿಂದ ಪೆಟ್ರೋಲು ಚಿಮ್ಮಿದರೆ ಒಳಗೆ ಪೆಟ್ರೋಲು ತುಂಬಿಕೊಂಡಿತ್ತು, ಅಷ್ಟೆ. ಆಗಲೂ ಬಿಗಿಯಾಗಿದ್ದರೆ ಸೈಲೆನ್ಸರನ್ನು ಬಿಚ್ಚಿ, ಹೊಗೆ ಹೊರಡುವ ಕಿಂಡಿಯಿಂದ ದೀಪ ಹಿಡಿದು ಪಿಸ್ಟನ್ನನ್ನು ನೋಡಬೇಕು. ಸಂಶಯ ಉಳಿದರೆ ಸಿಲಿಂಡರನ್ನೂ ಕಳಚಬೇಕು.

ಸುತ್ತಲೂ ಉದ್ದುದ್ದ ಗೀರುಗಳಿದ್ದರೆ ಎಣ್ಣೆ ಬೆರೆಸಿಲ್ಲವೆಂದು ಬಹುಮಟ್ಟಿಗೆ ಹೇಳಬಹುದು. ಗಾಳಿ ಒಳಬರುವ ಬದಿ ಮಂಕಾಗಿ ಸವೆದಿದ್ದರೆ ಹರಿದ ಏರ್ ಫಿಲ್ಟರಿನಿಂದ ಧೂಳು ಹೊಕ್ಕಿದೆ. ಹೊಗೆಯ ಬದಿಯಲ್ಲಿ ಮಾತ್ರ ಗೀರಿದ್ದರೆ ಎಂಜಿನಿಗೆ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗಿ ಅತಿಯಾಗಿ ಕಾದಿದೆ. ಇದಕ್ಕೆ ಕಾರಣ ಪೆಟ್ರೋಲಿನ ಫಿಲ್ಟರು ಕಟ್ಟಿರಬಹುದು, ಕಾರ್ಬ್ಯುರೇಟರಿನ ಸ್ಕ್ರೂ ತಪ್ಪಿರಬಹುದು, ಇಲ್ಲವೆ ಕ್ರ್ಯಾಂಕಿನ ರಬ್ಬರು ಸೀಲು ಗಟ್ಟಿಯಾಗಿ ಗಾಳಿ ಎಳೆಯುತ್ತಿರಬಹುದು. ಸೀಲಿನ ದೋಷ ಕಣ್ಣಿಗೆ ಕಾಣದು. ಕಿಂಡಿಗಳನ್ನು ಮುಚ್ಚಿ, ಪಂಪಿನಿಂದ ಸುಮಾರು ಅರ್ಧ ಬಾರ್ ಒತ್ತಡ ಕೊಟ್ಟು, ಅದು ನಿಲ್ಲುವುದೇ ಎಂದು ನೋಡಬೇಕು. ಬಳಿಕ ಗಾಳಿಯನ್ನು ಹೀರಿಯೂ ನೋಡಬೇಕು. ಇಂಥ ದೋಷಕ್ಕೆ ಆಳನ್ನು ದೂರುವುದು ಅನ್ಯಾಯ.

ಇನ್ನೊಂದು ಮಾತು. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಎಥನಾಲ್ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಕೂಡಿ ಡಬ್ಬಿಯ ತಳಕ್ಕಿಳಿಯುತ್ತವೆ. ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ಟ್ಯಾಂಕಿನ ಕೊಳವೆ ಎಳೆಯುವುದು ತಳದಿಂದ! ಸರಿಯಾಗಿ ಎಣ್ಣೆ ಬೆರೆಸಿದವನ ಕೈಯಲ್ಲೂ ಯಂತ್ರ ಹೀಗೆ ಕೆಡಬಹುದು. ಆದುದರಿಂದ ಮಳೆಗಾಲವಿಡೀ ಇಟ್ಟ ಮಿಶ್ರಣವನ್ನು ಬಳಸಬಾರದು.

ಕಾರಣ ತಿಳಿಯದೆ ಹೊಸ ಪಿಸ್ಟನ್ ಹಾಕಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಊರಿನಿಂದ ಇಂಥ ಸುದ್ದಿ ಬಂದಾಗ ಹಳೆಯ ಪಿಸ್ಟನ್ನಿನ ನಾಲ್ಕೂ ಬದಿಯ ಚಿತ್ರಗಳನ್ನು ತರಿಸಿಕೊಂಡು ನೋಡೋಣ. ಕೂಲಿ ಮುರಿಯುವ ಮಾತು ಆಮೇಲೆ.