ಎಡಗಾಲು ಹುಡುಕಿದ ಕಿಕ್ಕರ್

ಸೀಟಿನ ಮೇಲೆ ಕೂತದ್ದೇ ತಡ, ನನ್ನ ಎಡಗಾಲು ಕಿಕ್ಕರ್‌ಗಾಗಿ ತಡಕಾಡಿತು. ಗೇರ್ ಲಿವರ್ ಇತ್ತು, ಕಿಕ್ಕರ್ ಇರಲಿಲ್ಲ. ‘ಕಾಲಲ್ಲಿ ಏನ್ ಹುಡುಕ್ತಿದ್ದೀಯೋ? ಬಲಗೈ ಹತ್ರ ಬಟನ್ ಇದೆ, ಒತ್ತು’ ಎಂದ ಗೆಳೆಯ. ಒತ್ತಿದೆ. ಗಾಡಿ ಒಂದೇ ಸಲಕ್ಕೆ ಎದ್ದು ಕೂತಿತು.

ಭಾನುವಾರ ಬೆಳಿಗ್ಗೆ ಆರೂವರೆ, ಚಾಮುಂಡಿ ಬೆಟ್ಟದ ಬುಡ. ನನ್ನದು ಅಪ್ಪ ಕೊಂಡ ಯೆಜ್ಡಿ ರೋಡ್‌ಕಿಂಗ್, ಅವನದು ಹೊಸ ಯೆಜ್ಡಿ ರೋಡ್‌ಸ್ಟರ್. ಹೆಸರೊಂದೇ, ಹುಟ್ಟೂರು ಬೇರೆ. ನನ್ನ ಗಾಡಿ ಇದೇ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ತಯಾರಿಸತೊಡಗಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಮಾರಿ, 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ ಅದು. ಆ ಹೆಸರು 2022ರಲ್ಲಿ ಮತ್ತೆ ರಸ್ತೆಗೆ ಬಂತು. ಈಗಿನ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಬೆಟ್ಟ ಹತ್ತಿ ಇಳಿಯುವಷ್ಟು ಹೊತ್ತು ಗಾಡಿ ಬದಲಾಯಿಸಿಕೊಳ್ಳೋಣ ಎಂದು ಮಾತಾಗಿತ್ತು.

ಹೊರಡುವ ಮುಂಚೆ ನನ್ನ ಗಾಡಿಯನ್ನು ಅವನಿಗೆ ಪರಿಚಯ ಮಾಡಿಸಬೇಕಾಯಿತು. ಅದರಲ್ಲಿ ಕಿಕ್ಕರ್, ಗೇರ್ ಎರಡಕ್ಕೂ ಒಂದೇ ಲಿವರ್, ಎಡಗಡೆಗೆ. ಅದನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ನಿಲ್ಲಿಸಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್. ಒತ್ತುವ ಜಾಗದಲ್ಲಿ ಲೋಹ ಸವೆದು ಕನ್ನಡಿಯ ಹಾಗೆ ಹೊಳೆಯುತ್ತದೆ. ಮೊದಲು ಅಪ್ಪನ ಚಪ್ಪಲಿ, ಆಮೇಲೆ ನನ್ನ ಬೂಟು ತಿಕ್ಕಿ ತಿಕ್ಕಿ ಬಂದ ಹೊಳಪು. ಗೆಳೆಯ ಮೂರು ಸಲ ಒದ್ದ. ನಾಲ್ಕನೆಯದಕ್ಕೆ ಎರಡೂ ಸೈಲೆನ್ಸರ್‌ಗಳಿಂದ ನೀಲಿ ಹೊಗೆ ಎದ್ದಿತು.

ನಾನು ಮುಂದೆ ಹೊರಟೆ. 334 ಸಿಸಿ ಎಂಜಿನ್ನು, ತಣ್ಣಗಿಡಲು ರೇಡಿಯೇಟರು, ಆರು ಗೇರು. ನನ್ನ 250 ಸಿಸಿಯ ಟು ಸ್ಟ್ರೋಕಿಗೆ ಗೇರು ನಾಲ್ಕೇ. ಮೊದಲ ಏರಿನಲ್ಲೇ ವ್ಯತ್ಯಾಸ ತಿಳಿಯಿತು. ನನ್ನ ಗಾಡಿಯಲ್ಲಿ ಈ ಏರು ಬಂದರೆ ಕಿವಿ ಚುರುಕಾಗುತ್ತದೆ. ಎಂಜಿನ್ ಎಲ್ಲಿ ದಮ್ಮು ಕಟ್ಟುತ್ತದೆ ಎಂದು ಕೇಳಿಸಿಕೊಂಡು, ಅದಕ್ಕೆ ಅರ್ಧ ಕ್ಷಣ ಮುಂಚೆ ಗೇರ್ ಇಳಿಸಬೇಕು. ಇಲ್ಲಿ ಆಕ್ಸಿಲರೇಟರ್ ತಿರುವಿದರೆ ಸಾಕು, ಹೊಸ ಗಾಡಿ ಉಸಿರು ಬಿಗಿಹಿಡಿಯದೆ ಹತ್ತುತ್ತದೆ. ಕ್ಲಚ್ ಎರಡು ಬೆರಳಿಗೆ ಬಗ್ಗುತ್ತದೆ. ಕಿವಿಗೆ ಬಿಡುವು ಸಿಕ್ಕಿದ್ದರಿಂದ ಕಣ್ಣು ತೆರೆಯಿತು. ಎಷ್ಟೋ ವರ್ಷಗಳಿಂದ ಹತ್ತುತ್ತಿರುವ ರಸ್ತೆಯ ಪಕ್ಕ ಕಾಡುಮಲ್ಲಿಗೆ ಇದೆಯೆಂದು ಅವತ್ತು ನೋಡಿದೆ.

ಊರು ಪೂರ್ತಿ ಕಾಣುವ ತಿರುವಿನಲ್ಲಿ ನಿಲ್ಲಿಸಿದೆ. ಕೆಳಗೆ ಮಂಜಿನ ನಡುವೆ ಲಲಿತಮಹಲಿನ ಬಿಳಿ ಗುಮ್ಮಟ. ಎಂಜಿನ್ ಆರಿಸಿ ಹೆಲ್ಮೆಟ್ ತೆಗೆದೆ. ಆಗ ಕೇಳಿಸಿತು.

ಬೆಟ್ಟದ ಮಗ್ಗುಲಲ್ಲಿ, ಮರಗಳ ಆಚೆ, ನನ್ನ ಗಾಡಿ ಬರುತ್ತಿತ್ತು. ಇಷ್ಟು ವರ್ಷ ಅದರ ಮೇಲೆ ಕೂತೇ ಕೇಳಿದ್ದೇನೆ, ಎದುರು ನಿಂತು ಕೇಳಿರಲೇ ಇಲ್ಲ. ಮೇಲೆ ಕೂತವನಿಗೆ ತೊಡೆಯ ನಡುಕ, ಚೈನಿನ ಗರಗರ, ಗಾಳಿ ಎಲ್ಲ ಬೆರೆತು ಬರುತ್ತದೆ. ದೂರದಿಂದ ಅದೆಲ್ಲ ಕಳಚಿಕೊಂಡು ದುಂಡಗಿನ, ಗಂಟಲಾಳದ ಸದ್ದೊಂದೇ ಉಳಿದಿತ್ತು. ತಿರುವಿನಲ್ಲಿ ಮರೆಯಾಗಿ ಮತ್ತೆ ತೇಲಿ ಬಂತು. ಸಣ್ಣವನಿದ್ದಾಗ ಸಂಜೆ ಬೀದಿಯ ಕೊನೆಯಲ್ಲಿ ಈ ಸದ್ದು ಕೇಳಿದರೆ ಅಮ್ಮ ಕಾಫಿಗೆ ಹಾಲಿಡುತ್ತಿದ್ದಳು. ಆಗ ನಾನು ಹೊರಗೆ ನಿಂತು ಕೇಳುವವನಾಗಿದ್ದೆ. ಗಾಡಿ ನನ್ನ ಕೈಗೆ ಬಂದ ದಿನದಿಂದ ಈ ಸದ್ದು ನನಗೆ ತಪ್ಪಿಹೋಗಿತ್ತು.

ಇಳಿಯುವಾಗ ಮಾತ್ರ ಹೊಸ ಗಾಡಿಗೇ ನನ್ನ ಓಟು, ಇದರಲ್ಲಿ ಎರಡು ಮಾತಿಲ್ಲ. ಹಿಂದೆ ಮುಂದೆ ಡಿಸ್ಕ್ ಬ್ರೇಕು, ಜೊತೆಗೆ ಎಬಿಎಸ್. ಇಬ್ಬನಿಯಿಂದ ಒದ್ದೆಯಾದ ರಸ್ತೆಯಲ್ಲಿ ಅಡ್ಡ ಬಂದ ಕೋತಿಗೆ ಬ್ರೇಕ್ ಒತ್ತಿದಾಗ ಚಕ್ರ ಜಾರದೆ ನಿಂತಿತು. ನನ್ನ ಡ್ರಮ್ ಬ್ರೇಕಿನ ಗಾಡಿಯಲ್ಲಿ ಆ ಧೈರ್ಯ ಇರುತ್ತಿರಲಿಲ್ಲ. ಅದೂ ಅಲ್ಲದೆ ಟು ಸ್ಟ್ರೋಕ್ ಗಾಡಿಯನ್ನು ಇಳಿಜಾರಿನಲ್ಲಿ ಎಂಜಿನ್ ಅಷ್ಟಾಗಿ ತಡೆಯುವುದಿಲ್ಲ. ಹಾಗೆಂದು ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಇಳಿಯುವಂತೆಯೂ ಇಲ್ಲ. ಪಿಸ್ಟನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಿತು. ‘ಇಳಿವಾಗ ಆಗಾಗ ಒಂದ್ ಗುಟುಕು ಕುಡಿಸ್ತಾ ಇರಪ್ಪಾ’ ಎನ್ನುತ್ತಿದ್ದರು ಅಪ್ಪ. ಅದನ್ನು ಗೆಳೆಯನಿಗೆ ಮೇಲೆಯೇ ಹೇಳಿ ಕಳಿಸಿದ್ದೆ. ಹಿಂದಿನಿಂದ ತಿರುವಿಗೊಮ್ಮೆ ‘ಡುರ್ರ್’ ಎಂಬ ಸಣ್ಣ ಸದ್ದು ಕೇಳುತ್ತಲೇ ಇತ್ತು. ಮರೆತಿರಲಿಲ್ಲ ಅವನು.

ಬುಡದಲ್ಲಿ ಕೀ ಬದಲಾಯಿಸಿಕೊಂಡೆವು. ಹೊಸ ಗಾಡಿ ಹೇಗಿದೆ ಎಂದು ಕೇಳಿದ. ದಿನಾ ಬೆಂಗಳೂರಿಗೆ ಹೋಗಿ ಬರಬೇಕಿದ್ದರೆ ಇವತ್ತೇ ಕೊಳ್ಳುತ್ತಿದ್ದೆ ಎಂದೆ. ಅವನ ಅಂಗಿಗೆ ಸುಟ್ಟ ಎಣ್ಣೆಯ ವಾಸನೆ ಹತ್ತಿತ್ತು. ‘ಪೆಟ್ರೋಲಿಗೆ ಎಣ್ಣೆ ಎಷ್ಟು ಹಾಕ್ತೀಯ?’ ಅಂದ.

‘ಲೀಟರಿಗೆ 40 ಎಂ.ಎಲ್.’

ತಲೆಯಾಡಿಸಿ ತನ್ನ ಗಾಡಿ ಹತ್ತಿದ. ನಾನು ಲಿವರನ್ನು ಒಳಕ್ಕೆ ಒತ್ತಿ ಮೇಲೆತ್ತಿದೆ. ‘ತಡಿ, ಒದೀಬೇಡ’ ಎಂದು ಇಳಿದು ಬಂದ. ‘ನಾನೇ ಒದ್ದು ಕೊಡ್ತೀನಿ.’