ಮೈಸೂರು ತೆತ್ತ ಬಿರುದು 31 ವರ್ಷಕ್ಕೇ ಮುಗೀತು

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆ ನೋಡಿದ್ದೀರಾ? ಅಲ್ಲೊಂದು ಕಲ್ಲಿನ ಫಲಕ ಇದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ಒಳನುಗ್ಗಿದ್ದು ಇಲ್ಲೇ ಅಂತ ಬರೆದಿದೆ. ಆ ಸೈನ್ಯ ನಡೆಸಿದವನು ಲಾರ್ಡ್ ಕಾರ್ನ್‌ವಾಲಿಸ್. ಇವತ್ತಿನ ವಿಷಯ ಅವನ ಯುದ್ಧ ಅಲ್ಲ, ಅವನ ಬಿರುದು.

ಇಂಗ್ಲೆಂಡಿನ ಬಿರುದುಗಳು ಮೆಟ್ಟಿಲಿನ ಥರ. ಕೆಳಗಿಂದ ಬ್ಯಾರನ್, ವೈಕೌಂಟ್, ಅರ್ಲ್, ಮಾರ್ಕ್ವೆಸ್, ಡ್ಯೂಕ್. ಕಷ್ಟಕಾಲದಲ್ಲಿ ರಾಜ ಎರಡನೇ ಚಾರ್ಲ್ಸ್ ಜೊತೆಗಿದ್ದ ಫ್ರೆಡರಿಕ್ ಕಾರ್ನ್‌ವಾಲಿಸ್ 1661ರಲ್ಲಿ ಬ್ಯಾರನ್ ಆದ. 1753ರಲ್ಲಿ ಐದನೇ ಬ್ಯಾರನ್‌ಗೆ ಅರ್ಲ್ ಪಟ್ಟ ಸಿಕ್ತು. ಅವನ ಮಗನೇ ನಮ್ಮ ಕೋಟೆ ಒಡೆದವನು. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದವನೂ ಇವನೇ!

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಹೆಚ್ಚುಕಡಿಮೆ ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡೋಕೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಅದೇ ವರ್ಷ ಕಾರ್ನ್‌ವಾಲಿಸ್ ಮಾರ್ಕ್ವೆಸ್ ಆದ. ಬಿರುದು ಅವನಿಗೆ, ಬಿಲ್ಲು ಮೈಸೂರಿಗೆ.

ನಾನು ಬಿ.ಕಾಂ. ಓದಿದವನು, ನನಗೆ ಮುಂದಿನ ಲೆಕ್ಕವೇ ಇಷ್ಟ. ಬ್ಯಾಂಕ್ ಖಾತೆಗಾದ್ರೆ ನಾಮಿನಿ ಹೆಸರು ಬರೀತೀವಿ. ಬಿರುದಿಗೆ ಅದು ನಡೆಯಲ್ಲ. ಯಾರಿಗೆ ಹೋಗಬೇಕು ಅನ್ನೋದು ಬಿರುದು ಕೊಡುವಾಗಲೇ ನಿಗದಿಯಾಗಿರುತ್ತೆ. ಸಾಮಾನ್ಯ ಷರತ್ತು ಒಂದೇ: ಮೊದಲು ಪಡೆದವನ ಗಂಡು ಸಂತತಿ, ಅದೂ ಗಂಡುಮಕ್ಕಳ ಮೂಲಕ ಮಾತ್ರ.

ಕಾರ್ನ್‌ವಾಲಿಸ್ 1805ರಲ್ಲಿ ಗಾಜಿಪುರದಲ್ಲಿ ತೀರಿಕೊಂಡ. ಮಗ ಎರಡನೇ ಮಾರ್ಕ್ವೆಸ್ ಆದ. ಆ ಮಗನಿಗೆ ಐದು ಜನ ಹೆಣ್ಣುಮಕ್ಕಳು, ಗಂಡು ಮಗ ಇಲ್ಲ. 1823ರಲ್ಲಿ ಅವನು ಸತ್ತಾಗ ಮಾರ್ಕ್ವೆಸ್ ಬಿರುದೂ ಸತ್ತಿತು. ಐವರಲ್ಲಿ ಒಬ್ಬಳಿಗೂ ಹಕ್ಕಿಲ್ಲ.

ಆದ್ರೆ ಅರ್ಲ್ ಬಿರುದು ಉಳೀತು! ಅದು ಬಿಷಪ್ ಆಗಿದ್ದ ಚಿಕ್ಕಪ್ಪ ಜೇಮ್ಸ್‌ಗೆ ಹೋಯ್ತು. ಯಾಕಂದ್ರೆ ಜೇಮ್ಸ್ ಮೊದಲ ಅರ್ಲ್‌ನ ಮಗ, ಹಾಗಾಗಿ ಆ ಸಾಲಿನಲ್ಲಿದ್ದ. ಮೊದಲ ಮಾರ್ಕ್ವೆಸ್‌ಗೆ ಮಾತ್ರ ಅವನು ತಮ್ಮ, ಸಂತತಿ ಅಲ್ಲ. ಒಂದೇ ಮನೆ, ಎರಡು ಬಿರುದು, ಎರಡು ದಾರಿ.

ಜೇಮ್ಸ್ ಮಗನೂ 1852ರಲ್ಲಿ ಗಂಡು ವಾರಸುದಾರ ಇಲ್ಲದೆ ತೀರಿಕೊಂಡ. ಅಲ್ಲಿಗೆ ಅರ್ಲ್ ಮಾತ್ರ ಅಲ್ಲ, 1661ರ ಬ್ಯಾರನ್ ಬಿರುದೂ ಮುಗೀತು.

1927ರಲ್ಲಿ ಮತ್ತೊಬ್ಬ ಬ್ಯಾರನ್ ಕಾರ್ನ್‌ವಾಲಿಸ್ ಬಂದ. ಹಳೆಯದರ ಮುಂದುವರಿಕೆ ಅಲ್ಲ, ಹೊಸದಾಗಿ ಕೊಟ್ಟ ಬಿರುದು. ಪಡೆದವನು ಆ ಕೊನೆಯ ಅರ್ಲ್‌ನ ಮಗಳ ವಂಶದವನು. ಹೆಣ್ಣಿಗೆ ಸಿಗದ ಹೆಸರು ಹೆಣ್ಣಿನ ಕಡೆಯಿಂದಲೇ ವಾಪಸ್ ಬಂತು ನೋಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.