ಶಾಲೆಯ ಫೇಸ್‌ಬುಕ್ ಪುಟ: ಆಡಳಿತಾಧಿಕಾರದ ಹಂಚಿಕೆ ಮತ್ತು ಹಸ್ತಾಂತರ

ಮುಖ್ಯೋಪಾಧ್ಯಾಯರು ವರ್ಗವಾದಾಗ ಅಥವಾ ನಿವೃತ್ತರಾದಾಗ ಶಾಲೆಯಲ್ಲಿ ಅಧಿಕಾರ ಹಸ್ತಾಂತರದ ಪಟ್ಟಿಯೊಂದು ಸಿದ್ಧವಾಗುತ್ತದೆ. ಪ್ರವೇಶ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ನಗದು ಪುಸ್ತಕ, ದಾಸ್ತಾನು ಪುಸ್ತಕ, ಶಾಲೆಯ ಮೊಹರು, ಬೀರುಗಳ ಬೀಗದ ಕೈ ಇವೆಲ್ಲವನ್ನೂ ಒಂದೊಂದಾಗಿ ತಾಳೆ ನೋಡಿ, ಒಪ್ಪಿಸುವವರೂ ವಹಿಸಿಕೊಳ್ಳುವವರೂ ಸಹಿ ಹಾಕುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅನೇಕ ಶಾಲೆಗಳು ಫೇಸ್‌ಬುಕ್ ಪುಟವನ್ನೂ ನಡೆಸುತ್ತಿವೆ. ಆದರೆ ಆ ಪುಟದ ಹೆಸರು ಈ ಪಟ್ಟಿಯಲ್ಲಿ ಸೇರುವುದು ಅಪರೂಪ. ಪುಟವನ್ನು ಆರಂಭಿಸಿದ ಅಧ್ಯಾಪಕರು ಬೇರೆ ಊರಿಗೆ ಹೋದ ಮೇಲೆ ಅದು ಹಳೆಯ ಚಿತ್ರಗಳೊಂದಿಗೆ ನಿಂತುಹೋಗುತ್ತದೆ; ಉಳಿದವರಿಗೆ ಅದರೊಳಗೆ ಹೋಗುವ ದಾರಿಯೇ ಇರುವುದಿಲ್ಲ.

ಗಡಿನಾಡಿನ ಕನ್ನಡ ಶಾಲೆಗೆ ಈ ನಷ್ಟ ಚಿಕ್ಕದಲ್ಲ. ಕಾಸರಗೋಡಿರಲಿ, ತಾಳವಾಡಿಯಿರಲಿ, ಅಕ್ಕಲಕೋಟೆ, ಜತ್ತ, ಮಡಕಶಿರಾಗಳಿರಲಿ, ಪ್ರತಿ ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಬರುತ್ತಾರೆ ಎಂಬುದೇ ಶಾಲೆಯ ಮುಂದಿನ ಪ್ರಶ್ನೆ. ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸುವುದೆಂದು ಯೋಚಿಸುವ ತಾಯಿತಂದೆ ಮೊಬೈಲಿನಲ್ಲಿ ಶಾಲೆಯ ಹೆಸರನ್ನು ಹುಡುಕಿ ನೋಡುತ್ತಾರೆ. ಉದ್ಯೋಗಕ್ಕಾಗಿ ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳನ್ನು ಸೇರಿದ ಹಳೆಯ ವಿದ್ಯಾರ್ಥಿಗಳೂ ತಮ್ಮ ಶಾಲೆಯ ಸುದ್ದಿಗಾಗಿ ಅಲ್ಲಿಗೇ ಬರುತ್ತಾರೆ. ಎರಡು ಮೂರು ವರ್ಷಗಳಿಂದ ಹೊಸ ಸುದ್ದಿಯೇ ಇಲ್ಲದ ಪುಟವನ್ನು ಕಂಡವರು ಶಾಲೆ ಮುಚ್ಚಿರಬಹುದೆಂದು ಭಾವಿಸಿದರೆ ಅದು ಅವರ ತಪ್ಪಲ್ಲ. ಆದುದರಿಂದ ಪುಟದ ಆಡಳಿತಾಧಿಕಾರ ಯಾರಲ್ಲಿದೆ, ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಹೋಗುತ್ತದೆ ಎಂಬುದನ್ನು ಪ್ರತಿಯೊಬ್ಬ ಅಧ್ಯಾಪಕರೂ ತಿಳಿದಿರುವುದು ಅಗತ್ಯ.

ಪ್ರೊಫೈಲ್ ಮತ್ತು ಪುಟ

ಫೇಸ್‌ಬುಕ್‌ನಲ್ಲಿ ಪ್ರೊಫೈಲ್ ಎಂಬುದು ವ್ಯಕ್ತಿಯದು. ಪುಟ ಎಂಬುದು ಅಂಗಡಿ, ಉದ್ಯಮ, ಸಂಘ, ಶಾಲೆ ಮುಂತಾದ ಸಂಸ್ಥೆಯದು. ಸಂಸ್ಥೆಗಳಿಗಾಗಿ ಪುಟಗಳ ವ್ಯವಸ್ಥೆಯನ್ನು ಫೇಸ್‌ಬುಕ್ 2007 ರಲ್ಲಿ ಆರಂಭಿಸಿತು. ಪ್ರೊಫೈಲಿಗೆ 5000 ಸ್ನೇಹಿತರ ಮಿತಿಯುಂಟು. ಪುಟವನ್ನು ಅನುಸರಿಸುವವರ ಸಂಖ್ಯೆಗೆ ಅಂತಹ ಮಿತಿಯಿಲ್ಲ.

ಇವೆರಡರ ನಡುವಿನ ಮುಖ್ಯ ವ್ಯತ್ಯಾಸ ಇನ್ನೊಂದಿದೆ, ಮತ್ತು ಈ ವಿಷಯದಲ್ಲಿ ಉಂಟಾಗುವ ತೊಡಕುಗಳೆಲ್ಲ ಬಹುಪಾಲು ಅದನ್ನು ಅರಿಯದಿರುವುದರಿಂದಲೇ ಹುಟ್ಟುತ್ತವೆ. ಪುಟಕ್ಕೆ ತನ್ನದೇ ಆದ ಪಾಸ್‌ವರ್ಡ್ ಇಲ್ಲ. ಆಡಳಿತಾಧಿಕಾರ ಪಡೆದ ವ್ಯಕ್ತಿ ತನ್ನ ಸ್ವಂತ ಪ್ರೊಫೈಲಿಗೆ ಲಾಗಿನ್ ಆಗಿ, ಅಲ್ಲಿಂದಲೇ ಪುಟವನ್ನು ಪ್ರವೇಶಿಸಬೇಕು. ಪುಟ ಸಂಸ್ಥೆಯದಾದರೂ ಅದರ ಬಾಗಿಲು ವ್ಯಕ್ತಿಗಳ ಮನೆಯೊಳಗಿನಿಂದಲೇ ತೆರೆಯುತ್ತದೆ. ಆ ವ್ಯಕ್ತಿಯ ಖಾತೆ ಕಳೆದುಹೋದರೆ ಬಾಗಿಲೂ ಮುಚ್ಚುತ್ತದೆ.

ಈ ತೊಡಕಿನಿಂದ ಪಾರಾಗಲೆಂದು ಕೆಲವೆಡೆ ಶಾಲೆಯ ಹೆಸರಿನಲ್ಲಿಯೇ ಒಂದು ಪ್ರೊಫೈಲ್ ತೆರೆದು, ಅದರ ಪಾಸ್‌ವರ್ಡನ್ನು ಎಲ್ಲ ಅಧ್ಯಾಪಕರಿಗೂ ಕೊಡುವ ರೂಢಿಯಿದೆ. ಇದು ಸರಿಯಾದ ಮಾರ್ಗವಲ್ಲ. ಪ್ರೊಫೈಲ್ ನಿಜವಾದ ವ್ಯಕ್ತಿಯದೇ ಆಗಿರಬೇಕು, ಒಬ್ಬರ ಖಾತೆಯ ಪಾಸ್‌ವರ್ಡನ್ನು ಇತರರಿಗೆ ಕೊಡಬಾರದು ಎಂಬುದು ಫೇಸ್‌ಬುಕ್‌ನ ನಿಯಮ. ನಿಯಮ ಮೀರಿದ ಪ್ರೊಫೈಲನ್ನು ಅವರು ಯಾವಾಗ ಬೇಕಾದರೂ ನಿಷ್ಕ್ರಿಯಗೊಳಿಸಬಹುದು. ಅಲ್ಲದೆ ಪಾಸ್‌ವರ್ಡ್ ಹತ್ತು ಜನರಲ್ಲಿದ್ದಾಗ ಅನುಚಿತ ಬರಹವೊಂದು ಪ್ರಕಟವಾದರೆ ಬರೆದವರು ಯಾರೆಂದು ತಿಳಿಯುವುದಿಲ್ಲ.

ಅಧಿಕಾರದ ಹಂತಗಳು

ಪುಟದ ಅಧಿಕಾರ ಒಂದೇ ಬಗೆಯದಲ್ಲ. ಅದರಲ್ಲಿ ಮೂರು ಹಂತಗಳನ್ನು ಗುರುತಿಸಬಹುದು.

1. ಪೂರ್ಣ ನಿಯಂತ್ರಣ: ಬರಹ, ಚಿತ್ರಗಳನ್ನು ಪ್ರಕಟಿಸುವುದು ಮತ್ತು ಅಳಿಸುವುದು, ಸಂದೇಶಗಳಿಗೆ ಉತ್ತರಿಸುವುದು, ಸೆಟ್ಟಿಂಗ್ಸ್ ಬದಲಿಸುವುದು ಇವೆಲ್ಲವುಗಳ ಜೊತೆಗೆ ಇತರರಿಗೆ ಅಧಿಕಾರ ಕೊಡುವ, ಇತರರನ್ನು ತೆಗೆದುಹಾಕುವ ಮತ್ತು ಪುಟವನ್ನೇ ಅಳಿಸುವ ಸಾಮರ್ಥ್ಯ ಇವರಿಗಿರುತ್ತದೆ.

2. ಭಾಗಶಃ ನಿಯಂತ್ರಣ: ದಿನನಿತ್ಯದ ಕೆಲಸಗಳನ್ನು ಇವರು ಮಾಡಬಲ್ಲರು. ಆದರೆ ಇನ್ನೊಬ್ಬರಿಗೆ ಅಧಿಕಾರ ಕೊಡಲಾರರು, ಪುಟವನ್ನು ಅಳಿಸಲಾರರು.

3. ನಿರ್ದಿಷ್ಟ ಕೆಲಸದ ಅಧಿಕಾರ: ಬರಹಗಳ ಪ್ರಕಟಣೆ, ಸಂದೇಶಗಳಿಗೆ ಉತ್ತರ, ಜಾಹೀರಾತು, ಅಂಕಿಅಂಶಗಳ ವೀಕ್ಷಣೆ ಇವುಗಳಲ್ಲಿ ಬೇಕಾದುದನ್ನು ಮಾತ್ರ ಆಯ್ದು ಕೊಡಬಹುದು.

ಕೀಲಿಕೈಗಳ ಗೊಂಚಲಿಗೆ ಇದನ್ನು ಹೋಲಿಸಿ ಸಹೋದ್ಯೋಗಿಗಳಿಗೆ ವಿವರಿಸಬಹುದು. ತರಗತಿಯ ಕೋಣೆಯ ಕೈ ಹಲವರಲ್ಲಿರುತ್ತದೆ. ಕಚೇರಿಯ ಬೀರುವಿನ ಕೈ ಕೆಲವರಲ್ಲಿ ಮಾತ್ರ. ಚಿತ್ರಗಳನ್ನು ಹಾಕಲು ಉತ್ಸಾಹವಿರುವ ಅಧ್ಯಾಪಕರಿಗೆ ಎರಡನೆಯ ಅಥವಾ ಮೂರನೆಯ ಹಂತದ ಅಧಿಕಾರ ಸಾಕು. ಸಂದೇಶಗಳನ್ನು ಓದುವ ಅಧಿಕಾರ ಕೊಡುವಾಗ ಹೆಚ್ಚಿನ ಎಚ್ಚರ ಬೇಕು. ಪಾಲಕರು ಅಲ್ಲಿ ದೂರವಾಣಿ ಸಂಖ್ಯೆ, ಮಗುವಿನ ಅನಾರೋಗ್ಯ, ಮನೆಯ ಕಷ್ಟಗಳನ್ನೂ ಬರೆದಿರುತ್ತಾರೆ. 2023 ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪಾಲಕರ ಒಪ್ಪಿಗೆಯನ್ನು ಕೇಳುತ್ತದೆ ಎಂಬುದನ್ನೂ ನೆನಪಿಡಬೇಕು. ವಿದ್ಯಾರ್ಥಿಗಳು ಎಷ್ಟೇ ಜಾಣರಿರಲಿ, ಅವರಿಗೆ ಯಾವ ಹಂತದ ಅಧಿಕಾರವನ್ನೂ ಕೊಡಬಾರದು.

ಅಧಿಕಾರ ಒಬ್ಬರಲ್ಲಿಯೇ ಇದ್ದರೆ

ಪೂರ್ಣ ನಿಯಂತ್ರಣ ಒಬ್ಬರಲ್ಲಿಯೇ ಇರುವ ಪುಟ ಅಪಾಯದಲ್ಲಿದೆಯೆಂದೇ ತಿಳಿಯಬೇಕು. ಆ ಅಧ್ಯಾಪಕರು ಪಾಸ್‌ವರ್ಡ್ ಮರೆತು, ನೋಂದಾಯಿಸಿದ ಮೊಬೈಲ್ ಸಂಖ್ಯೆಯನ್ನೂ ಬದಲಿಸಿದ್ದರೆ ಅವರಿಗೂ ಪ್ರವೇಶವಿಲ್ಲ, ಶಾಲೆಗೂ ಇಲ್ಲ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಓಡಾಡುವ ಗಡಿನಾಡಿನವರು ಸಿಮ್ ಬದಲಿಸುವುದು ಸಾಮಾನ್ಯ. ಬಳಕೆ ನಿಂತು ರದ್ದಾದ ಸಂಖ್ಯೆಯನ್ನು 90 ದಿನಗಳ ಅವಧಿ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಹಳೆಯ ಸಂಖ್ಯೆಯೇ ಖಾತೆಯಲ್ಲಿ ಉಳಿದಿದ್ದರೆ ಖಾತೆಯ ಗುಪ್ತಸಂಕೇತ ಅಪರಿಚಿತರ ಮೊಬೈಲಿಗೆ ಹೋಗುತ್ತದೆ.

ಇನ್ನೊಂದು ಸಂಗತಿಯನ್ನು ಹೇಳುವುದು ಕಷ್ಟವಾದರೂ ಹೇಳಲೇಬೇಕು. ವ್ಯಕ್ತಿ ತೀರಿಕೊಂಡಾಗ ಬಂಧುಗಳ ಕೋರಿಕೆಯ ಮೇರೆಗೆ ಅವರ ಪ್ರೊಫೈಲನ್ನು ಫೇಸ್‌ಬುಕ್ ಸ್ಮರಣೆಯ ಖಾತೆಯಾಗಿ ಪರಿವರ್ತಿಸುತ್ತದೆ. ಅವರೊಬ್ಬರೇ ಪುಟದ ನಿರ್ವಾಹಕರಾಗಿದ್ದರೆ ಆಗ ಪುಟವನ್ನೂ ತೆಗೆದುಹಾಕಲಾಗುತ್ತದೆ. ಶಾಲೆ ತನ್ನ ಹಿರಿಯ ಅಧ್ಯಾಪಕರನ್ನೂ ಅವರು ವರ್ಷಗಟ್ಟಲೆ ಕೂಡಿಸಿಟ್ಟ ಚಿತ್ರಗಳನ್ನೂ ಒಟ್ಟಿಗೇ ಕಳೆದುಕೊಳ್ಳುತ್ತದೆ.

ಆದುದರಿಂದ ಪೂರ್ಣ ನಿಯಂತ್ರಣ ಕನಿಷ್ಠ ಇಬ್ಬರಲ್ಲಿ, ಹೆಚ್ಚೆಂದರೆ ಮೂವರಲ್ಲಿ ಇರುವುದು ಅಪೇಕ್ಷಣೀಯ. ಮುಖ್ಯೋಪಾಧ್ಯಾಯರು ಮತ್ತು ಬೇಗನೆ ವರ್ಗವಾಗುವ ಸಂಭವವಿಲ್ಲದ ಒಬ್ಬ ಅಧ್ಯಾಪಕರು ಮೊದಲ ಇಬ್ಬರು. ಮೂರನೆಯವರಾಗಿ ಅನುದಾನಿತ ಶಾಲೆಯಲ್ಲಿ ಆಡಳಿತ ಮಂಡಳಿಯವರೊಬ್ಬರನ್ನು, ಸರಕಾರಿ ಅಥವಾ ಜಿಲ್ಲಾ ಪರಿಷತ್ ಶಾಲೆಯಲ್ಲಿ ಶಾಲಾ ಸಮಿತಿಯವರೊಬ್ಬರನ್ನು ಸಭೆಯ ನಿರ್ಣಯದ ಮೂಲಕ ಆರಿಸಬಹುದು. ನಾಲ್ಕೈದು ಜನರಿಗೆ ಕೊಟ್ಟರೆ ರಕ್ಷಣೆ ಹೆಚ್ಚುವುದಿಲ್ಲ. ಅವರಲ್ಲಿ ಯಾರೊಬ್ಬರ ಖಾತೆ ಕಳ್ಳರ ಪಾಲಾದರೂ ಪುಟ ಅವರ ಪಾಲಾಗುತ್ತದೆ.

ಹಸ್ತಾಂತರದ ಕ್ರಮ

ಹೊಸಬರನ್ನು ಸೇರಿಸಲು ಪೂರ್ಣ ನಿಯಂತ್ರಣವುಳ್ಳವರು ತಮ್ಮ ಪ್ರೊಫೈಲಿನಿಂದ ಪುಟಕ್ಕೆ ಬದಲಾಯಿಸಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಪುಟದ ಪ್ರವೇಶಕ್ಕೆ ಸಂಬಂಧಿಸಿದ ಭಾಗವನ್ನು ತೆರೆಯಬೇಕು. ಅಲ್ಲಿ ಹೊಸಬರ ಹೆಸರನ್ನು ಹುಡುಕಿ, ಹಂತವನ್ನು ಆಯ್ದು, ತಮ್ಮ ಪಾಸ್‌ವರ್ಡ್ ಹಾಕಿ ದೃಢಪಡಿಸಬೇಕು. ಒಂದೇ ಹೆಸರಿನವರು ಹಲವರಿರುವುದರಿಂದ ಭಾವಚಿತ್ರವನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಹೊಸಬರಿಗೆ ಆಹ್ವಾನ ಹೋಗುತ್ತದೆ. ಅವರು ಅದನ್ನು ಒಪ್ಪಿಕೊಳ್ಳುವವರೆಗೂ ಅಧಿಕಾರ ಬಂದಂತಲ್ಲ. ಫೇಸ್‌ಬುಕ್ ತನ್ನ ಪರದೆಯ ವಿನ್ಯಾಸವನ್ನು ಆಗಾಗ ಬದಲಿಸುವುದರಿಂದ ಗುಂಡಿಗಳ ಸ್ಥಾನಕ್ಕಿಂತ ಈ ಕ್ರಮವನ್ನು ನೆನಪಿಡುವುದು ಮೇಲು.

ಹಸ್ತಾಂತರದಲ್ಲಿ ಹಿಂದುಮುಂದಾಗಬಾರದ ಮೂರು ಹೆಜ್ಜೆಗಳಿವೆ. ಮೊದಲು ಹೊಸಬರನ್ನು ಸೇರಿಸುವುದು. ಎರಡನೆಯದಾಗಿ, ಹಳಬರು ಎದುರಿಗೇ ಇರುವಾಗ ಹೊಸಬರು ತಮ್ಮ ಮೊಬೈಲಿನಿಂದ ಒಂದು ಪ್ರಕಟಣೆಯನ್ನು ಹಾಕಿ, ಪ್ರವೇಶ ಪಡೆದವರ ಪಟ್ಟಿಯನ್ನು ತೆರೆದು ನೋಡುವುದು. ಇವೆರಡೂ ಆದ ಮೇಲೆ ಹಳಬರ ಹೆಸರನ್ನು ತೆಗೆಯುವುದು. ಬೀಳ್ಕೊಡುಗೆಯ ದಿನದ ಗಡಿಬಿಡಿಗೆ ಇದನ್ನು ಬಿಡದೆ ಒಂದು ವಾರ ಮುಂಚೆಯೇ ಆರಂಭಿಸುವುದು ಒಳ್ಳೆಯದು.

ಹೆಸರು ತೆಗೆಯುವ ಮಾತು ಬಂದಾಗ ಸಂಕೋಚವಾಗುವುದು ಸಹಜ. ಪುಟವನ್ನು ಕಟ್ಟಿದ ಹಿರಿಯರಿಗೆ ಇದು ಅವಿಶ್ವಾಸದಂತೆ ಕಾಣಬಹುದು. ಆದರೆ ಅಧಿಕಾರ ಉಳಿಸಿಕೊಂಡವರಿಗೆ ಹೊಣೆಯೂ ಉಳಿಯುತ್ತದೆ. ಅವರ ಖಾತೆಯ ಮೂಲಕ ಯಾರಾದರೂ ಪುಟಕ್ಕೆ ಹಾನಿ ಮಾಡಿದರೆ ನಿವೃತ್ತಿಯ ನಂತರವೂ ವಿವರಣೆ ಕೊಡಬೇಕಾದವರು ಅವರೇ. ಬೀಗದ ಕೈ ಒಪ್ಪಿಸಿದ ಅಧ್ಯಾಪಕರನ್ನು ಯಾರೂ ಸಂಶಯದಿಂದ ನೋಡುವುದಿಲ್ಲ, ಇಲ್ಲಿಯೂ ಹಾಗೆಯೇ. ಅವರು ಪುಟದ ಅನುಯಾಯಿಯಾಗಿ ಉಳಿದು ಶಾಲೆಯ ಸುದ್ದಿಯನ್ನು ಓದುತ್ತಿರಬಹುದು, ಬರಹಗಳನ್ನು ಕಳುಹಿಸುತ್ತಿರಬಹುದು.

ಹಸ್ತಾಂತರದ ಪಟ್ಟಿಗೆ ಸೇರಿಸಬಹುದಾದ ಒಕ್ಕಣೆಯ ಮಾದರಿ ಹೀಗಿದೆ:

“ಶಾಲೆಯ ಫೇಸ್‌ಬುಕ್ ಪುಟದ ಹೆಸರು ಮತ್ತು ವಿಳಾಸ: ........ ಈ ದಿನದಂದು ಪೂರ್ಣ ನಿಯಂತ್ರಣವುಳ್ಳವರು: 1) ........ 2) ........ 3) ........ ಇತರ ಅಧಿಕಾರವುಳ್ಳವರು: ........ ದಿನಾಂಕ ........ ರಂದು ಶ್ರೀ/ಶ್ರೀಮತಿ ........ ಅವರಿಗೆ ಪೂರ್ಣ ನಿಯಂತ್ರಣ ನೀಡಿ, ಅವರು ಪುಟವನ್ನು ತೆರೆದು ಪರಿಶೀಲಿಸಿದ ಬಳಿಕ ಶ್ರೀ/ಶ್ರೀಮತಿ ........ ಅವರ ಹೆಸರನ್ನು ತೆಗೆಯಲಾಗಿದೆ. ಒಪ್ಪಿಸಿದವರ ಸಹಿ. ವಹಿಸಿಕೊಂಡವರ ಸಹಿ.”

ಈ ಒಕ್ಕಣೆಯಲ್ಲಿ ಯಾರ ಪಾಸ್‌ವರ್ಡನ್ನೂ ಬರೆಯಬಾರದು. ಅದರ ಅಗತ್ಯವೂ ಇಲ್ಲ.

ಖಾತೆಗಳ ರಕ್ಷಣೆ

ಪೂರ್ಣ ನಿಯಂತ್ರಣವುಳ್ಳವರೆಲ್ಲರೂ ತಮ್ಮ ಖಾತೆಗೆ ಎರಡು ಹಂತದ ದೃಢೀಕರಣವನ್ನು ಅಳವಡಿಸಿಕೊಳ್ಳಬೇಕು. ಆಗ ಪಾಸ್‌ವರ್ಡ್ ಕದ್ದವರಿಗೂ ಮೊಬೈಲಿಗೆ ಬರುವ ಸಂಕೇತವಿಲ್ಲದೆ ಒಳಗೆ ಹೋಗಲಾಗದು. ಮೊಬೈಲ್ ಕಳೆದ ಸಂದರ್ಭಕ್ಕೆಂದು ಫೇಸ್‌ಬುಕ್ ಕೊಡುವ, ಒಂದೊಂದು ಬಾರಿಗೆ ಮಾತ್ರ ಬಳಸಬಹುದಾದ ಸಂಕೇತಗಳನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಭದ್ರವಾಗಿಡಬೇಕು.

ಪುಟ ನಡೆಸುವವರಿಗೆ ಬರುವ ವಂಚನೆಯ ಸಂದೇಶಗಳಿಗೆ ಒಂದು ನಿಶ್ಚಿತ ಚಹರೆಯಿದೆ. “ನಿಮ್ಮ ಪುಟ ಹಕ್ಕುಸ್ವಾಮ್ಯದ ನಿಯಮವನ್ನು ಮೀರಿದೆ, 24 ಗಂಟೆಗಳೊಳಗೆ ಮುಚ್ಚಲಾಗುವುದು, ಮೇಲ್ಮನವಿಗಾಗಿ ಈ ಕೊಂಡಿಯನ್ನು ಒತ್ತಿರಿ” ಎಂಬ ಧಾಟಿಯಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ, ಫೇಸ್‌ಬುಕ್ ಅಥವಾ ಮೆಟಾ ಹೆಸರಿನಲ್ಲಿಯೇ ಅದು ಬರುತ್ತದೆ. ಕೊಂಡಿಯನ್ನು ಒತ್ತಿದರೆ ಲಾಗಿನ್ ಪುಟವನ್ನೇ ಹೋಲುವ ನಕಲಿ ಪುಟ ತೆರೆದು ಪಾಸ್‌ವರ್ಡ್ ಕೇಳುತ್ತದೆ. ಇಂಗ್ಲಿಷಿನ ಸರಕಾರಿ ಓಲೆಗೆ ತಕ್ಷಣ ಉತ್ತರಿಸುವ ನಮ್ಮ ಅಭ್ಯಾಸವನ್ನೇ ಈ ವಂಚಕರು ಬಳಸಿಕೊಳ್ಳುತ್ತಾರೆ. ಅವಸರಪಡಿಸುವ ಯಾವ ಕೊಂಡಿಯನ್ನೂ ಒತ್ತದೆ, ಇನ್ನೊಬ್ಬ ನಿರ್ವಾಹಕರಿಗೆ ತೋರಿಸಿ ವಿಚಾರಿಸುವುದೇ ಕ್ಷೇಮ.

ವಾಟ್ಸಾಪ್ ಗುಂಪುಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಇದ್ದ ಒಬ್ಬರೇ ಅಡ್ಮಿನ್ ಗುಂಪು ಬಿಟ್ಟರೆ ಉಳಿದ ಸದಸ್ಯರಲ್ಲಿ ಯಾರೋ ಒಬ್ಬರು ತಾವಾಗಿಯೇ ಅಡ್ಮಿನ್ ಆಗುತ್ತಾರೆ. ಅವರು ಅಧ್ಯಾಪಕರೇ ಆಗಿರಬೇಕೆಂದಿಲ್ಲ. ಪಾಲಕರ ಗುಂಪಿನಲ್ಲಿಯೂ ಇಬ್ಬರು ಅಧ್ಯಾಪಕರು ಅಡ್ಮಿನ್ ಆಗಿರಲಿ.

ಪುಟ ಈಗಾಗಲೇ ಕೈತಪ್ಪಿದ್ದರೆ

ಮೊದಲ ಕೆಲಸ, ಪುಟವನ್ನು ಆರಂಭಿಸಿದ ಅಧ್ಯಾಪಕರನ್ನು ಸಂಪರ್ಕಿಸುವುದು. ಎಷ್ಟೋ ವೇಳೆ ಒಂದು ದೂರವಾಣಿ ಕರೆಯಲ್ಲಿಯೇ ಸಮಸ್ಯೆ ಬಗೆಹರಿಯುತ್ತದೆ. ಅವರು ಪಾಸ್‌ವರ್ಡ್ ಮರೆತಿದ್ದರೆ ಹಿಂದೆ ಬಳಸುತ್ತಿದ್ದ ಮೊಬೈಲ್ ಅಥವಾ ಕಂಪ್ಯೂಟರಿನಿಂದಲೇ ಪ್ರಯತ್ನಿಸುವಂತೆ ಹೇಳಬೇಕು. ಖಾತೆ ಕಳ್ಳರ ಪಾಲಾಗಿದ್ದರೆ ಫೇಸ್‌ಬುಕ್‌ನ ಸಹಾಯ ಕೇಂದ್ರದ ಮೂಲಕ ಮನವಿ ಸಲ್ಲಿಸುವುದರ ಜೊತೆಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣದ ವಂಚನೆಯೂ ನಡೆದಿದ್ದರೆ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು. ಯಾವುದೂ ಫಲಿಸದಿದ್ದರೆ ಹೊಸ ಪುಟ ತೆರೆದು, ಹಳೆಯದು ಬಳಕೆಯಲ್ಲಿಲ್ಲವೆಂದು ಪಾಲಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ತಿಳಿಸುವುದೇ ಉಳಿದ ದಾರಿ. ಮುಖ್ಯವಾದ ಚಿತ್ರಗಳ ಮೂಲಪ್ರತಿಗಳನ್ನು ಶಾಲೆಯ ಕಂಪ್ಯೂಟರಿನಲ್ಲಿ ವರ್ಷವಾರು ಇಟ್ಟುಕೊಂಡಿದ್ದರೆ ಅಂದು ಅವು ಒದಗುತ್ತವೆ.

ಅಧ್ಯಾಪಕರ ಸಭೆಗೆ ಚಟುವಟಿಕೆ

1. ಶಾಲೆಯ ಪುಟದಲ್ಲಿ ಪ್ರವೇಶ ಪಡೆದವರ ಪಟ್ಟಿಯನ್ನು ಸಭೆಯಲ್ಲಿ ತೆರೆದು ಓದಿರಿ. ಅವರಲ್ಲಿ ಈಗ ಶಾಲೆಯಲ್ಲಿರುವವರು ಎಷ್ಟು ಮಂದಿ?

2. ಪೂರ್ಣ ನಿಯಂತ್ರಣ ಒಬ್ಬರಲ್ಲಿಯೇ ಇದ್ದರೆ ಎರಡನೆಯವರನ್ನು ಅಂದೇ ಸೇರಿಸಿ, ಸಭೆಯ ನಡಾವಳಿಯಲ್ಲಿ ದಾಖಲಿಸಿರಿ.

3. ಪ್ರತಿ ವರ್ಷ ಶಾಲೆ ಆರಂಭವಾಗುವ ಜೂನ್ ತಿಂಗಳ ಮೊದಲ ಸಭೆಯಲ್ಲಿ ಈ ಪರಿಶೀಲನೆಯನ್ನು ಪುನರಾವರ್ತಿಸಿರಿ.